ತಳ್ಳಿ, ನಾಚಿಕೆ ಬೇಡ

ಕಾರಿನ ಬಗ್ಗೆ ಟಪಾಲಪ್ಪನವರಿಗೆ ಖಚಿತವಾಗಿ ಗೊತ್ತಿದ್ದುದು ಎರಡೇ ಸಂಗತಿ. ಪೆಟ್ರೋಲು ಹಾಕುವ ಬಾಯಿ ಎಡಗಡೆ ಇದೆ. ಬಾನೆಟ್ಟು ತೆರೆಯುವುದಕ್ಕೆ ಒಳಗೆಲ್ಲೋ ಒಂದು ಹಿಡಿ ಇದೆ. ಎಲ್ಲಿದೆ ಎಂದು ಮಾತ್ರ ಅವರನ್ನು ಕೇಳಬಾರದು. ಇಂಥವರು ಎರಡು ತಿಂಗಳೊಳಗೆ ಮೊದಲು ಕಚೇರಿಗೆ, ಆಮೇಲೆ ಇಡೀ ಬೀದಿಗೆ ಕಾರು ಪಂಡಿತರಾಗಿಬಿಟ್ಟರು. ಹೇಗೆ ಎಂದು ಯಾರಾದರೂ ಕೇಳಿದರೆ ಅವರೇ ಬೆಪ್ಪಾಗುತ್ತಿದ್ದರು.

ನೀರು ಸರಬರಾಜು ಕಚೇರಿಯ ಟಪಾಲು ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಕೂತು ಸಂಪಾದಿಸಿದ ಹೆಸರು ಅವರದು. ಪತ್ರ ಬಂದರೆ ಠಸ್ಸೆಂದು ಒಂದು ಮೊಹರು, ಕೆಂಪು ಶಾಯಿಯಲ್ಲಿ ಒಂದು ನಂಬರು, ಆಮೇಲೆ ಅದು ಸಂಬಂಧಪಟ್ಟ ಮೇಜಿಗೆ. ಅಲ್ಲಿಂದ ಉತ್ತರ ಬಂದರೆ ಇನ್ನೊಂದು ಮೊಹರು, ಲಕೋಟೆ, ಹೊರಗೆ. ಒಂದೇ ಒಂದು ಪತ್ರಕ್ಕೂ ಅವರು ತಾವಾಗಿ ಉತ್ತರ ಕೊಟ್ಟವರಲ್ಲ. ಅದು ಅವರ ಕೆಲಸವೂ ಅಲ್ಲ. ಸರಿಯಾದ ಕೈಗೆ ಮುಟ್ಟಿಸುವುದು ಅವರ ಕೆಲಸ, ಮತ್ತು ಇಪ್ಪತ್ತೆರಡು ವರ್ಷದಲ್ಲಿ ಒಂದು ಲಕೋಟೆಯೂ ತಪ್ಪು ಮೇಜಿಗೆ ಹೋಗಿರಲಿಲ್ಲ. ಈ ದಾಖಲೆಯನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮುರಿಯುವ ದಿನ ದೂರವಿಲ್ಲ.

ಮನೆಯಲ್ಲಿ ಮೂವರು: ಟಪಾಲಪ್ಪನವರು, ಅವರ ಹೆಂಡತಿ, ಹೆಂಡತಿಯ ತಂದೆ. ಈ ಮಾವನವರು ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದವರು. ಕೆಲಸದಿಂದ ನಿವೃತ್ತರಾದ ಮೇಲೂ ಅಳಿಯನ ಕಾರನ್ನು ಅವರೇ ಓಡಿಸುತ್ತಿದ್ದರು. ಅಳಿಯ ಪಕ್ಕದಲ್ಲಿ ಚೀಲ ಹಿಡಿದು ಕೂರುತ್ತಿದ್ದರು. ಹತ್ತು ತಿಂಗಳ ಹಿಂದೆ ಅವರ ಕಣ್ಣು ಮಂಜಾಯಿತು. "ಇನ್ನು ಸ್ಟೀರಿಂಗ್ ಮುಟ್ಟಬೇಡಿ" ಎಂದು ಡಾಕ್ಟರು ಹೇಳಿದರು. ಮಾವ ಆ ದಿನ ಮನೆಗೆ ಬಂದು, ಬೀದಿಯ ಕಡೆಯ ಕಿಟಕಿ ಮುಚ್ಚಿ, ಕತ್ತಿನವರೆಗೆ ಕಂಬಳಿ ಹೊದ್ದು ಮಂಚ ಹತ್ತಿದವರು ಇಳಿಯಲಿಲ್ಲ. ಆಡುತ್ತಿದ್ದುದು ಎರಡೇ ಮಾತು, "ಹೂಂ" ಮತ್ತು "ಬೇಡ".

ಮಗಳು ಮಾಡದ ಉಪಾಯವಿರಲಿಲ್ಲ. ರೇಡಿಯೋ ಇಟ್ಟಳು, ಬೇಡ. ಹಳೆಯ ಸ್ನೇಹಿತರನ್ನು ಕರೆಸಿದಳು, ಹೂಂ. ಒಂದು ಸಂಜೆ ಬಟ್ಟೆ ಮಡಿಸುತ್ತಾ ಗಂಡನ ಹತ್ತಿರ ಅತ್ತೇಬಿಟ್ಟಳು.

"ರೀ, ಅಪ್ಪ ಹೀಗೇ ಮುದುಡ್ಕೊಂಡು ಮುದುಡ್ಕೊಂಡು ನಮ್ಮ ಕಣ್ಮುಂದೇನೇ ಇಲ್ಲದ ಹಾಗೆ ಆಗ್ಬಿಡ್ತಾರೇನೋ. ಒಂದು ಸಲ ಬಾಗಿಲು ದಾಟಿ ಬಂದ್ರೆ ಸಾಕು ನನಗೆ."

ಟಪಾಲಪ್ಪನವರು ಅವಳ ಪಕ್ಕದಲ್ಲಿ ಕೂತರು. ಅವರೂ ಒಂದು ಟವೆಲು ಮಡಿಸಿದರು.

ಹೀಗಿರುವಾಗ ಕಚೇರಿಯ ಅಧೀಕ್ಷಕಿ ಮೇಡಂ ಅವರ ಕಾರು ಕಿರುಚತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲ ಎದ್ದು ಕೂರುವಂಥ ಕಿರುಚಾಟ, ಹತ್ತು ನಿಮಿಷಕ್ಕೆ ಗಪ್‌ಚುಪ್. ಕಚೇರಿಯ ಶೆಡ್ಡಿನಲ್ಲಿ ಕಾರಿನ ಸುತ್ತ ಸಭೆ ಸೇರಿತು. ಬ್ರೇಕು ಎಂದರು ಕ್ಯಾಷಿಯರು. ಇಂಜಿನ್ನೇ ಹೋಯಿತು, ಮಾರಿಬಿಡಿ ಎಂದರು ಉಗ್ರಾಣದ ಗುಮಾಸ್ತರು, ಅವರು ಯಾವ ಕಾಯಿಲೆಗೂ ಇದನ್ನೇ ಹೇಳುವವರು. ಟಪಾಲಪ್ಪನವರು ಸುಮ್ಮನೆ ನೋಡಿ ಮನೆಗೆ ಬಂದು, ಮಾವನಿಗೆ ಚಹಾ ಕೊಡುತ್ತಾ, ಮಾತಿಗೆ ಬೇರೇನೂ ಸಿಗದೆ ಈ ಕಥೆ ಹೇಳಿದರು.

ಮಾವ ಲೋಟ ಕೆಳಗಿಟ್ಟರು.

"ಬೆಲ್ಟು," ಎಂದರು.

ಅಡಿಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು.

"ಬೆಲ್ಟು ಸಡಿಲ ಆಗಿದೆ ಅಳಿಯಂದ್ರೇ. ತಣ್ಣಗಿದ್ದಾಗ ಜಾರುತ್ತೆ, ಕಿರುಚುತ್ತೆ. ಬಿಸಿಯಾದ್ಮೇಲೆ ಹಿಡ್ಕೊಳ್ಳುತ್ತೆ. ಆ ತಾಯಿಗೆ ಹೇಳಿ, ಗಾಬರಿ ಬೇಡ."

ಮರುದಿನ ಶೆಡ್ಡಿನಲ್ಲಿ ಟಪಾಲಪ್ಪನವರು "ಬೆಲ್ಟು ಇರಬೇಕು ಮೇಡಂ" ಎಂದರು. 'ನಮ್ಮ ಮಾವ ಹೇಳಿದರು' ಎಂಬ ಮಾತು ಅದರ ಹಿಂದೆಯೇ ಬರುವುದಿತ್ತು. ಗಂಟಲವರೆಗೆ ಬಂದೂ ಇತ್ತು. ಆದರೆ ಅಷ್ಟರಲ್ಲಿ ಇಡೀ ಶೆಡ್ಡು ಅವರ ಕಡೆ ತಿರುಗಿತು. ಇಪ್ಪತ್ತೆರಡು ವರ್ಷದಲ್ಲಿ ಅವರ ಕಡೆ ಯಾರೂ ಹೀಗೆ ತಿರುಗಿರಲಿಲ್ಲ. ಮಾತು ಅಲ್ಲೇ ಕೂತುಬಿಟ್ಟಿತು. ಮಧ್ಯಾಹ್ನ ಮೆಕ್ಯಾನಿಕ್ಕನೂ ಬೆಲ್ಟೇ ಎಂದ.

ಸಂಜೆ ಮಾವ ಮಂಚದ ಮೇಲೆ ಎದ್ದು ಕೂತಿದ್ದರು. "ಏನಂದ್ರು ಮೇಡಂ?"

"ನಿಮಗೆ ನಮಸ್ಕಾರ ಹೇಳಿದ್ರು ಮಾವ," ಎಂದುಬಿಟ್ಟರು ಟಪಾಲಪ್ಪನವರು. ಮೇಡಂಗೆ ಇಂಥ ಮಾವ ಇದ್ದಾರೆಂಬುದೇ ಗೊತ್ತಿರಲಿಲ್ಲ. ಆದರೆ ಆ ಮುಖ ನೋಡಿದರೆ ಬೇರೆ ಹೇಗೆ ಹೇಳಲಾಗುತ್ತದೆ, ನೀವೇ ಹೇಳಿ.

ಅಲ್ಲಿಗೆ ಶುರುವಾಯಿತು. ಮೇಡಂ ಫೋನಿನಲ್ಲಿ 'ಚಾಲಕರ ಬಳಗ' ಎಂಬ ಗುಂಪು ಮಾಡಿದರು. ಕಾರಿದ್ದವರೆಲ್ಲ ಸೇರಿದರು, ಕಾರಿಲ್ಲದ ಇಬ್ಬರೂ ಸೇರಿದರು. ಎಂಬತ್ತಕ್ಕೆ ಹೋದರೆ ಸ್ಟೀರಿಂಗ್ ನಡುಗುತ್ತೆ, ಯಾಕೆ? ಎ.ಸಿ. ಹಾಕಿದರೆ ಕೆಳಗೆ ನೀರು ತೊಟ್ಟಿಕ್ಕುತ್ತೆ, ಸಾಯುತ್ತಾ ಕಾರು? ಟಪಾಲಪ್ಪನವರು ಪ್ರತಿ ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದು, ಕೆಂಪು ನಂಬರು ಹಾಕಿ, ಮನೆಗೆ ಒಯ್ಯುತ್ತಿದ್ದರು. ಮಾವ ಮರುಪ್ರಶ್ನೆ ಹಾಕುತ್ತಿದ್ದರು. ನೀರು ಬಣ್ಣದ್ದಾ, ಬರೀ ನೀರಾ? ಮುಟ್ಟಿದರೆ ಅಂಟಾ? ಬರೀ ನೀರಾದರೆ ಅದು ಬೆವರು, ಬೆವರಲಿ ಬಿಡಿ ಪಾಪ. ಮಾವ ಕಾರುಗಳ ಬಗ್ಗೆ ಮಾತಾಡಿದರೆ ಮನೆಮಂದಿಯ ಬಗ್ಗೆ ಮಾತಾಡಿದಂತೆಯೇ ಇರುತ್ತಿತ್ತು. ಅವರು ಹೇಳಿದ್ದನ್ನು ಟಪಾಲಪ್ಪನವರು ಅಕ್ಷರ ಬಿಡದೆ ಬರೆದುಕೊಂಡು, ಮರುದಿನ ಬಳಗಕ್ಕೆ ಕಳಿಸಿ, "ಪಂಡಿತರೇ!" ಎನಿಸಿಕೊಂಡು, ಸಂಜೆ ಮಾವನಿಗೆ ಹೊಸದೊಂದು ನಮಸ್ಕಾರ ತರುತ್ತಿದ್ದರು. ಕ್ಯಾಷಿಯರ ನಮಸ್ಕಾರ, ಉಗ್ರಾಣದವರ ನಮಸ್ಕಾರ, ಒಂದು ದಿನ ಮೇಲಧಿಕಾರಿಗಳದೂ ಬಂತು. ಎರಡೂ ಕಡೆ ಸುಳ್ಳು ಮೊಹರು. ರಾತ್ರಿ ಮಲಗಿದಾಗ ನಾಳೆ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದರು. ನಾಳೆ ಬೆಳಿಗ್ಗೆ ಯಾರಾದರೂ ಪಂಡಿತರೇ ಎನ್ನುತ್ತಿದ್ದರು.

ಮಾವ ಮಾತಾಡಿದರು, ನಿಜ. ಆದರೆ ಮಂಚ ಇಳಿಯಲಿಲ್ಲ. ಕಂಬಳಿ ಬಿಡಲಿಲ್ಲ, ಕಿಟಕಿ ತೆರೆಯಲಿಲ್ಲ. "ಹೊರಗೆ ಬಾ ಅಪ್ಪ" ಎಂದರೆ ಅದೇ ಹಳೆಯ "ಬೇಡ". ಅದಕ್ಕೇ ಹೆಂಡತಿ ಗಂಡನನ್ನು ಡಾಕ್ಟರ ಹತ್ತಿರ ಕಳಿಸಿದಳು: ಅಪ್ಪನಿಗೆ ಏನು ಮಾಡಬೇಕೆಂದು ಸರಿಯಾಗಿ ಬರೆಸಿಕೊಂಡು ಬನ್ನಿ.

ಅದೇ ವಾರ ಪಕ್ಕದ ಮನೆಯ ಹೆಡ್‌ಮಾಸ್ಟರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. ಇವರು ಶಾಲೆ ಬಿಟ್ಟು ಆರು ವರ್ಷವಾದರೂ ಬೀದಿಗೆ ಹೆಡ್‌ಮಾಸ್ಟರೇ. ಅವರ ಹಳೆಯ ಕಾರು ಎಂಟು ತಿಂಗಳಿಂದ ಟಾರ್ಪಾಲಿನ ಕೆಳಗೆ ನಿದ್ದೆ ಮಾಡುತ್ತಿತ್ತು.

"ಪಂಡಿತರೇ, ಕೀ ತಿರುಗಿಸಿದ್ರೆ ಕ್ರಕ್ ಅನ್ನುತ್ತೆ, ಅಷ್ಟೇ. ಏನು ಮಾಡ್ಬೇಕು ಅಂತ ಬರವಣಿಗೆಯಲ್ಲಿ ಕೊಟ್ಬಿಡಿ. ಬರವಣಿಗೆಯಲ್ಲಿ ಇದ್ರೆ ನಾನು ಒಂದಕ್ಷರ ತಪ್ಪಿಸೋನಲ್ಲ."

ಮಾವ ಗುರುವಾರ ಸಂಜೆ ಉತ್ತರ ಹೇಳಿದರು, ಟಪಾಲಪ್ಪನವರು ಬರೆದುಕೊಂಡರು. ಶುಕ್ರವಾರ ಡಾಕ್ಟರ ಚೀಟಿ ಸಿಕ್ಕಿತು. ಅದು ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಓಡಿದಂತಿತ್ತು. ಔಷಧಿ ಅಂಗಡಿಯವನಿಂದ ಓದಿಸಿ, ಕಚೇರಿಯ ಅಭ್ಯಾಸದಂತೆ ಟಪಾಲಪ್ಪನವರು ಅದರದೊಂದು ಶುದ್ಧ ಪ್ರತಿ ತೆಗೆದರು. ಎರಡು ಚೀಟಿ, ಒಂದೇ ಕೈಬರಹ. ಎರಡನ್ನೂ ಲಕೋಟೆಗೆ ಹಾಕಿದರು. ಹೆಸರು ಬರೆಯುವುದು ಟಪಾಲಿನವರಿಗೆ ಅವಮಾನ. ಮೂವತ್ತೊಂದು, ಮೂವತ್ತೆರಡು ಎಂದು ನಂಬರು ಹಾಕಿದರು. ಶನಿವಾರ ಬೆಳಿಗ್ಗೆ, ಒಂದು ಕೈಯಲ್ಲಿ ಫೋನು ಹಿಡಿದು ಯಾರದೋ ವೈಪರಿನ ಪ್ರಶ್ನೆಗೆ ಉತ್ತರ ಒತ್ತುತ್ತಾ, ಒಂದನ್ನು ಹೆಡ್‌ಮಾಸ್ಟರ ಬಾಗಿಲಡಿ ತೂರಿಸಿ, ಇನ್ನೊಂದನ್ನು ಅಡಿಗೆಮನೆಯ ಸಕ್ಕರೆ ಡಬ್ಬಿಗೆ ಒರಗಿಸಿ ಕಚೇರಿಗೆ ಹೋದರು.

ಇಪ್ಪತ್ತೆರಡು ವರ್ಷದ ದಾಖಲೆ ಅಲ್ಲಿಗೆ ಮುಗಿಯಿತು.

ಆಮೇಲೆ ಮನೆಯಲ್ಲಿ ನಡೆದದ್ದನ್ನು ಟಪಾಲಪ್ಪನವರು ಹೆಂಡತಿಯ ಬಾಯಿಂದ ಹತ್ತು ಸಲ ಕೇಳಿದ್ದಾರೆ. ನಾವು ಒಂದೇ ಸಲ ಹೇಳುತ್ತೇವೆ. ಅವಳು ಲಕೋಟೆ ಒಡೆದು ನಿಂತಲ್ಲೇ ಓದಿದಳು. ಓದಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು. ಸೀದಾ ಅಪ್ಪನ ಕೋಣೆಗೆ ನುಗ್ಗಿ ಕಂಬಳಿ ಕಿತ್ತು ಮೂಲೆಗೆ ಎಸೆದಳು.

"ಏನೇ ಇದು!"

"ಡಾಕ್ಟ್ರು ಬರೆದಿದ್ದಾರಪ್ಪ! ತಪ್ಪೆಲ್ಲ ನನ್ನದೇ ಅಂತೆ!" ಅವಳು ಅಪ್ಪನ ಬೆನ್ನಿಗೆ ಎರಡೂ ಕೈ ಕೊಟ್ಟು ಮಂಚದಿಂದ ದಬ್ಬತೊಡಗಿದಳು. "ಏಳಪ್ಪ! ತಳ್ಳಬೇಕು ಅಂತೆ!"

"ತಳ್ಳೋದಾ? ಯಾವ ಡಾಕ್ಟ್ರೇ ಅವನು? ಓದು ನೋಡೋಣ."

ಅವಳು ಮೂಗು ಒರೆಸಿಕೊಂಡು ಓದಿದಳು. "ತಪ್ಪು ನಿಮ್ಮದೇ. ವಯಸ್ಸಾಯಿತು ಅಂತ ಹೊದಿಸಿ ಮೂಲೆಗೆ ಹಾಕಿದರೆ ಎಂಥ ಗಟ್ಟಿಯೂ ಕೆಡುತ್ತೆ. ಹೊದಿಕೆ ಇವತ್ತೇ ತೆಗೆಯಿರಿ. ವಾರಕ್ಕೆರಡು ಸಲ ಹೊರಗೆ ಕರೆದುಕೊಂಡು ಹೋಗಿ, ಅರ್ಧ ಗಂಟೆಗೆ ಕಡಿಮೆ ಬೇಡ. ಶುರುವಿನಲ್ಲಿ ಮುನಿಸು ಇರುತ್ತೆ. ಹಿಂದಿನಿಂದ ಒಬ್ಬರು ತಳ್ಳಬೇಕಾದೀತು. ತಳ್ಳಿ, ನಾಚಿಕೆ ಬೇಡ. ಒಳಗೆ ಇನ್ನೂ ಕಸುವಿದೆ."

ಮಾವ ಮಿಸುಕಲಿಲ್ಲ. ಅದು ಅವರದೇ ಮಾತು. ಗುರುವಾರ ಸಂಜೆ, ಇದೇ ಮಂಚದ ಮೇಲೆ, ಇದೇ ಕಂಬಳಿ ಹೊದ್ದು, ಹೆಡ್‌ಮಾಸ್ಟರ ಕಾರಿಗೆಂದು ಹೇಳಿ ಬರೆಸಿದ್ದು.

"ಇನ್ನೊಂದು ಸಲ ಓದಮ್ಮ," ಎಂದರು.

ಅವಳು ಇನ್ನೊಂದು ಸಲ ಓದಿದಳು. ಮಾವ ಮಂಚದಿಂದ ಕಾಲು ಕೆಳಗಿಳಿಸಿದರು.

"ಡಾಕ್ಟ್ರಿಗೆ ತಲೆ ಇದೆ. ಎಲ್ಲಿ, ನನ್ನ ಅಂಗಿ ಕೊಡು."

ಹೀಗೆ ಹತ್ತು ತಿಂಗಳ ಮೇಲೆ ಮಾವ ಬಾಗಿಲು ದಾಟಿದರು. ಹೊಸಿಲಿನಲ್ಲಿ ಒಂದು ಕ್ಷಣ ತಡೆದಾಗ ಮಗಳು ಮತ್ತೆ ಬೆನ್ನಿಗೆ ಕೈ ಕೊಟ್ಟಳು; ಚೀಟಿಯ ಪ್ರಕಾರವೇ. ಹೊರಗೆ ಬಿಸಿಲು ಚೆನ್ನಾಗಿತ್ತು. ಆದರೆ ಪಕ್ಕದ ಮನೆಯ ಅಂಗಳದಲ್ಲಿ ಅರ್ಧ ಬೀದಿ ಸೇರಿತ್ತು.

ಹೆಡ್‌ಮಾಸ್ಟರು ಒಂದಕ್ಷರವನ್ನೂ ತಪ್ಪಿಸಿರಲಿಲ್ಲ. ಅವರ ಚೀಟಿಯಲ್ಲಿ 'ತಲೆಯ ಕಡೆ ಎತ್ತರ ಇರಲಿ' ಎಂದಿತ್ತು. ಜಾಕ್ ಹಚ್ಚಿ ಕಾರಿನ ಮುಂದಿನ ಚಕ್ರಗಳಡಿ ಇಟ್ಟಿಗೆ ಕೊಟ್ಟಿದ್ದರು. 'ಎಳೆಬಿಸಿಲು ತೋರಿಸಿ' ಎಂದಿತ್ತು. ಟಾರ್ಪಾಲನ್ನು ಬಿಸಿಲು ಬೀಳುವಷ್ಟೇ ಸರಿಸಿದ್ದರು. 'ಉಪ್ಪು ಪೂರ್ತಿ ನಿಲ್ಲಿಸಿ' ಎಂಬುದಕ್ಕೆ ಅವರಿಗೂ ಸ್ವಲ್ಪ ಕಷ್ಟವಾಗಿ, ಕಡೆಗೆ ಕಾರು ತೊಳೆಯುವ ನೀರನ್ನು ಬಕೆಟ್ಟಿನಿಂದ ಬೊಗಸೆಯಲ್ಲಿ ತೆಗೆದು ರುಚಿ ನೋಡಿದ್ದರು. ಕೊನೆಯ ಸಾಲು, 'ಒಂಟಿತನ ಕಾಡದಂತೆ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳಿ'. ಈಗ ಅವರು ಆಕಾಶ ನೋಡುತ್ತಿದ್ದ ಕಾರಿನ ಸೀಟಿನಲ್ಲಿ ಒರಗಿ, ಕನ್ನಡಕ ಏರಿಸಿ, ಸ್ಟೀರಿಂಗಿಗೆ ಸ್ಪಷ್ಟ ಉಚ್ಚಾರದಲ್ಲಿ ಮೂರನೆಯ ಪುಟ ಓದುತ್ತಿದ್ದರು.

ಅವರ ಹೆಂಡತಿ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಮೂವತ್ತೈದು ವರ್ಷ ಸಂಸಾರ ಮಾಡಿದೀನಿ. ನನಗೆ ಒಂದಿನ ಒಂದು ಸಾಲು ಓದಿ ಹೇಳಿಲ್ಲ ಈ ಮನುಷ್ಯ!"

ಮಾವ ಕೈ ಮುಂದೆ ಚಾಚಿ ಬಾನೆಟ್ಟು ಸವರಿದರು, ಬಗ್ಗಿ ಇಟ್ಟಿಗೆ ಸವರಿದರು. "ಹೆಡ್‌ಮಾಸ್ಟ್ರೇ, ಇದೇನ್ರೀ?"

"ನಿಮ್ಮ ಅಳಿಯಂದಿರು ಬರೆದುಕೊಟ್ಟ ಚಿಕಿತ್ಸೆ! ಎಂಥಾ ತಜ್ಞರು ಅಂತೀರಿ! ಅವರ ಕಚೇರಿಯವರೆಲ್ಲ ಅವರನ್ನೇ ಕೇಳೋದಂತೆ, ಎಲ್ಲ ನಾಲಿಗೆ ತುದಿಯಲ್ಲೇ ಇದೆಯಂತೆ ಅವರಿಗೆ. ನಿಮಗೂ ಸ್ವಲ್ಪ ಹೇಳಿಕೊಟ್ಟಿರಬೇಕಲ್ಲ?"

"ಅವರದಾ?" ಎಂದರು ಮಾವ. "ಬೇರೆ ಯಾರ ಹೆಸರೂ ಹೇಳ್ತಾ ಇರ್ಲಿಲ್ವಾ?"

"ಬೇರೆ ಯಾರಿದ್ದಾರೆ?"

ಮಾವ ಬಗ್ಗಿದವರು ಬಗ್ಗಿಯೇ ಇದ್ದರು. ಕೈ ಇಟ್ಟಿಗೆಯ ಮೇಲೇ ಇತ್ತು. ಮಗಳಿಗೆ ಭಯವಾಯಿತು, ಎಲ್ಲಿ ಮತ್ತೆ ಒಳಗೆ ಹೋಗಿ ಕಂಬಳಿ ಹುಡುಕುತ್ತಾರೋ ಎಂದು.

ಆ ಹೊತ್ತಿಗೆ ಸರಿಯಾಗಿ ಅಧೀಕ್ಷಕಿಯವರ ಕಾರು ಬಂದು ನಿಂತಿತು.

ಶನಿವಾರದ ಅರ್ಧ ದಿನದ ಕೆಲಸ ಮುಗಿಸಿ ಮೇಡಂ ಅವರೇ ಮನೆಗೆ ಬಿಡಲು ಕರೆತಂದಿದ್ದರು; ಪಕ್ಕದ ಸೀಟಿನಲ್ಲಿ ಟಪಾಲಪ್ಪನವರು ಬೆವತು ನೀರಾಗಿ ಕೂತಿದ್ದರು. ದಾರಿಯುದ್ದಕ್ಕೂ ಮೇಡಂ ಹೇಳಿದ್ದು ಒಂದೇ ಮಾತು: "ಸೋಮವಾರದಿಂದ ನೀವು ಟಪಾಲಿನಲ್ಲಿ ಇರೋದಿಲ್ಲ. ಕಚೇರಿಯ ಏಳೂ ಗಾಡಿಗಳ ಉಸ್ತುವಾರಿ ನಿಮ್ಮದೇ. ಆದೇಶ ಟೈಪ್ ಆಗಿದೆ, ನನ್ನ ಚೀಲದಲ್ಲೇ ಇದೆ." ಟಪಾಲಪ್ಪನವರು ಬೇಡವೆನ್ನಲು ಮೂರು ಸಲ ಬಾಯಿ ತೆರೆದಿದ್ದರು. ಮೂರು ಸಲವೂ ಮೇಡಂ "ವಿನಯ ಸಾಕು" ಎಂದಿದ್ದರು.

ಮನೆ ಬಂತಲ್ಲ, ಇಳಿದು ಓಡಿಬಿಡೋಣ ಎಂದುಕೊಂಡು ಅವರು ಇಳಿದರು. ನೋಡಿದರೆ ಪಕ್ಕದಂಗಳದಲ್ಲಿ ಮೂತಿ ಎತ್ತಿ ನಿಂತ ಕಾರು, ಅದರೊಳಗೆ ಪೇಪರು, ಅದರ ಪಕ್ಕದಲ್ಲಿ ಬಿಸಿಲಿನಲ್ಲಿ ನಿಂತ ಮಾವ. ಮೂವತ್ತೊಂದು, ಮೂವತ್ತೆರಡು! ಹಿಂದಿನಿಂದ ಟಕ್ ಟಕ್ ಎಂಬ ಸದ್ದು ಕೇಳಿತು. ಮೇಡಂ ಕೀ ತಿರುಗಿಸುತ್ತಿದ್ದರು, ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ.

"ಒಳ್ಳೇದೇ ಆಯ್ತು, ನೀವು ಇಲ್ಲೇ ಇದ್ದೀರಿ. ನೋಡಿ ಪಂಡಿತರೇ," ಎಂದರು ಮೇಡಂ.

ಬೀದಿ ಇತ್ತ ತಿರುಗಿತು. ಹೆಡ್‌ಮಾಸ್ಟರು ಪೇಪರು ಮಡಿಸಿದರು. ಟಪಾಲಪ್ಪನವರು ಬಾನೆಟ್ಟಿನ ಹಿಡಿಗಾಗಿ ಸ್ಟೀರಿಂಗಿನ ಕೆಳಗೆ ತಡಕಾಡಿದರು. ವೈಪರು ಓಡಿತು. ಇನ್ನೊಂದು ಕಡೆ ಎಳೆದರು, ಪೆಟ್ರೋಲಿನ ಬಾಯಿ ತೆರೆದುಕೊಂಡಿತು. ಮೂರನೆಯದಕ್ಕೆ ಸೀಟು ಸಮೇತ ಮೇಡಂ ಹಿಂದಕ್ಕೆ ಸರಿದರು.

"ಏನು ಪರೀಕ್ಷೆ ಮಾಡ್ತಿದ್ದೀರಿ?" ಎಂದು ಮೇಡಂ ಗೌರವದಿಂದಲೇ ಕೇಳಿದರು.

ಆಗ ಮಾವನ ದನಿ ಕೇಳಿತು. "ಸ್ವಲ್ಪ ಸರೀರಿ ಅಳಿಯಂದ್ರೇ." ಮಗಳ ತೋಳು ಹಿಡಿದು ಅವರು ಕಾರಿನ ಹತ್ತಿರ ಬಂದಿದ್ದರು. "ಮೇಡಂ, ಇಂಥ ಚಿಕ್ಕ ಕೆಲಸಕ್ಕೆ ನಮ್ಮ ಅಳಿಯಂದಿರು ಕೈ ಹಾಕೋದಿಲ್ಲ. ನನಗೆ ಹೇಳಿಕೊಟ್ಟಿದ್ದಾರೆ, ನಾನೇ ಮಾಡ್ತೀನಿ."

ಅಷ್ಟೇ ಸಾಕಾಗಿತ್ತು. ಬೈದಿದ್ದರೆ ಟಪಾಲಪ್ಪನವರು ತಲೆ ತಗ್ಗಿಸಿ ಕೇಳಿಕೊಳ್ಳುತ್ತಿದ್ದರು. ಬಚಾವು ಮಾಡಿದರಲ್ಲ, ಅದನ್ನು ತಡೆದುಕೊಳ್ಳಲಾಗಲಿಲ್ಲ.

"ಸುಳ್ಳು ಮೇಡಂ!" ಎಂದು ಕೂಗಿಯೇಬಿಟ್ಟರು. "ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ. ನನಗೆ ಬಾನೆಟ್ಟು ತೆಗೆಯೋಕೇ ಬರಲ್ಲ, ನೋಡಿದ್ರಲ್ಲ. ಆ ಬೆಲ್ಟು ಇವರದ್ದು, ಆ ನೀರು ಇವರದ್ದು, ಆ ಸ್ಟೀರಿಂಗು ಇವರದ್ದು. ಎಲ್ಲ ಉತ್ತರಾನೂ ನಮ್ಮ ಮಾವನವರದ್ದು. ನಾನು ಬರೀ ಟಪಾಲು. ಅದನ್ನೂ ಇವತ್ತು ತಪ್ಪು ಮನೆಗೆ ಹಾಕಿದೀನಿ!"

ಹೆಡ್‌ಮಾಸ್ಟರು ತಮ್ಮ ಚೀಟಿಯನ್ನು ತೆಗೆದು ಹೊಸದಾಗಿ ಓದತೊಡಗಿದರು.

ಮಾವ ಸ್ಟೀರಿಂಗಿನ ಕೆಳಗೆ ಕೈ ಹಾಕಿದರು. ಬಾನೆಟ್ಟು ಟಪ್ಪೆಂದು ಬಿಟ್ಟುಕೊಂಡಿತು. ಕಣ್ಣಿಗೆ ಮಂಜಿದ್ದರೇನು, ಬೆರಳಿಗೆ ಎಲ್ಲ ಕಾಣುತ್ತಿತ್ತು. ಬ್ಯಾಟರಿಯ ತಲೆಯ ಮೇಲೆ ಬೆರಳಾಡಿಸಿ, "ಪುಡಿ ಕಟ್ಟಿದೆ, ಬಿಸಿನೀರು ತಾ ಮಗಳೇ" ಎಂದರು. ನೀರು ಹೊಯ್ದು, ತಂತಿಯ ಹಿಡಿಕೆ ತಿರುಗಿಸಿ ಬಿಗಿ ಮಾಡಿ, "ಹಾಕಿ ಮೇಡಂ" ಎಂದರು. ಕಾರು ಸ್ಟಾರ್ಟ್ ಆಯಿತು.

ಮೇಡಂ ಇಳಿದು ಬಂದರು. ಕಚೇರಿಯಲ್ಲಿ ಅವರು ಯಾರ ಮುಂದೆಯೂ ಕೈಜೋಡಿಸಿದ್ದನ್ನು ಯಾರೂ ಕಂಡಿರಲಿಲ್ಲ. ಈಗ ಜೋಡಿಸಿದರು.

"ನಮಸ್ಕಾರ."

"ಅಯ್ಯೋ, ಮತ್ತೆ ಯಾಕಮ್ಮ ನಮಸ್ಕಾರ," ಎಂದರು ಮಾವ ಸಂಕೋಚದಿಂದ. "ನೀವು ದಿನಾ ಹೇಳಿ ಕಳಿಸಿದ್ದೆಲ್ಲ ತಲುಪಿದೆ. ಬೆಲ್ಟಿಗೊಂದು, ಬ್ರೇಕಿಗೊಂದು. ಅಳಿಯಂದಿರು ಒಂದಿನಾನೂ ಮರೀಲಿಲ್ಲ. ನಿಮ್ಮ ಮೇಲಧಿಕಾರಿಗಳಿಗೂ ತಿಳಿಸಿ, ಅವರದ್ದೂ ಬಂತು ಅಂತ."

ಮೇಡಂ ಟಪಾಲಪ್ಪನವರ ಕಡೆ ನೋಡಿದರು. ಟಪಾಲಪ್ಪನವರು ಹಿಂದಿನ ಚಕ್ರವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಮೇಡಂಗೆ ಆ ನಮಸ್ಕಾರಗಳ ಗುಟ್ಟು ತಿಳಿಯಿತು.

"ತಲುಪಿತಾ?" ಎಂದರು. "ಹಾಗಾದ್ರೆ ಸರಿ. ನಮ್ಮ ಟಪಾಲಿನವರು ಆ ವಿಷಯದಲ್ಲಿ ಬಹಳ ಗಟ್ಟಿ." ಚೀಲದಿಂದ ಒಂದು ಹಾಳೆ ತೆಗೆದು ನಾಲ್ಕು ಚೂರು ಮಾಡಿ ಮತ್ತೆ ಚೀಲಕ್ಕೆ ಹಾಕಿಕೊಂಡರು. "ನೀವು ಟಪಾಲಿನಲ್ಲೇ ಇರಿ. ಮಾವನವರ ನಂಬರು ಬಳಗಕ್ಕೆ ಸೇರಿಸಿ, ಇವತ್ತೇ."

ಟಪಾಲಪ್ಪನವರಿಗೆ ಜೀವ ಬಂದಂತಾಯಿತು. ಮೇಡಂ ಹೋದ ಮೇಲೆ ಮಾವನ ಎದುರು ನಿಂತು, "ಮಾವ, ತಪ್ಪಾಯ್ತು," ಎಂದರು.

"ಏನು ತಪ್ಪಾಯ್ತು? ಒಂದು ಲಕೋಟೆ ಬದಲಾಯ್ತು, ಅಷ್ಟೇ ತಾನೇ." ಮಾವ ಅಳಿಯನ ಭುಜ ಹುಡುಕಿ ಹಿಡಿದರು. "ನನಗೆ ಬರಬೇಕಾದ್ದೇ ಬಂತು ಬಿಡಿ. ಈಗ ಆ ಬಡಪಾಯಿ ಕಾರಿನ ಇಟ್ಟಿಗೆ ತೆಗೀರಿ ಮೊದಲು."

ಇಟ್ಟಿಗೆ ತೆಗೆದದ್ದಾಯಿತು, ಟಾರ್ಪಾಲು ಪೂರ್ತಿ ಎಳೆದದ್ದಾಯಿತು, ಚಕ್ರಕ್ಕೆ ಪಂಪಿನಿಂದ ಗಾಳಿ ತುಂಬಿದ್ದಾಯಿತು. ಹೆಡ್‌ಮಾಸ್ಟರು ಸ್ಟೀರಿಂಗು ಹಿಡಿದರು. ಅವರ ಹೆಂಡತಿ ಹಿಂದಿನ ಸೀಟಿನಲ್ಲಿ ಪೇಪರು ಹಿಡಿದು ಗಟ್ಟಿಯಾಗಿ ಕೂತರು; ಉಳಿದದ್ದನ್ನು ಯಾರಿಗೆ ಓದಿ ಹೇಳುತ್ತಾರೋ ನೋಡೋಣ ಎಂಬಂತೆ. ಮುಂದಿನ ಇನ್ನೊಂದು ಸೀಟು ಖಾಲಿ ಇತ್ತು. ಮಾವ ಅದರ ಬಾಗಿಲ ಹತ್ತಿರ ನಿಂತರು. ಡ್ರೈವರ್ ಸೀಟಲ್ಲದ ಸೀಟಿನಲ್ಲಿ ಅವರು ಕೂತು ಐವತ್ತು ವರ್ಷವಾಗಿತ್ತು.

"ಯಾವಾಗ ಗೇರು, ಯಾವಾಗ ಕ್ಲಚ್ಚು ಅಂತ ನೀವೇ ಪಕ್ಕದಲ್ಲಿ ಕೂತು ಹೇಳ್ಬೇಕು," ಎಂದರು ಹೆಡ್‌ಮಾಸ್ಟರು. "ಬರವಣಿಗೆಯಲ್ಲಿ ಬೇಡ."

ಮಾವ ಹತ್ತಿದರು. ಹತ್ತಿ, ಕಿಟಕಿಯ ಗಾಜು ಪೂರ್ತಿ ಕೆಳಗಿಳಿಸಿದರು.

ಟಪಾಲಪ್ಪನವರೂ ಅವರ ಹೆಂಡತಿಯೂ ಹಿಂದಿನಿಂದ ಕೈ ಕೊಟ್ಟರು. ಕಾರು ಮೊದಲು ಅಲ್ಲಾಡಲಿಲ್ಲ. ಆಮೇಲೆ ಗೊಣಗಿತು. ನೋಡುತ್ತಿದ್ದ ಬೀದಿಯವರೂ ಬಂದು ಸೇರಿಕೊಂಡರು. ಕಾರು ಗೇಟು ದಾಟಿ, ಇಳಿಜಾರು ಹಿಡಿದು, "ಈಗ ಬಿಡಿ ಕ್ಲಚ್ಚು!" ಎಂದು ಮಾವ ಬಸ್ಸಿನ ಕಾಲದ ದನಿಯಲ್ಲಿ ಕೂಗುತ್ತಲೇ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಓಡತೊಡಗಿತು. ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಎದುರು ಬರುವ ಸೈಕಲಿನವನಿಗೆ ಸರಿ ಸರಿ ಎಂದು ಬೀಸಿತು. ತಿರುವಿನಲ್ಲಿ ಕಾರು ಮರೆಯಾಯಿತು.

ಟಪಾಲಪ್ಪನವರ ಮುಖದ ತುಂಬ ಮಸಿ. ಹೆಂಡತಿ ಸೆರಗಿನಿಂದ ಒರೆಸಲು ಹೋದವಳು ತನ್ನ ಕಣ್ಣನ್ನೇ ಒರೆಸಿಕೊಂಡಳು.

"ಒಳಗೆ ಬಾ, ಎಷ್ಟು ಹೊತ್ತು ಅಂತ ಬಿಸಿಲಲ್ಲಿ ನಿಲ್ತೀಯ? ಬರ್ತಾರೆ ಈಗ," ಎಂದರು ಟಪಾಲಪ್ಪನವರು.

"ಈಗ ಎಲ್ಲಿ ಬರ್ತಾರೆ ರೀ," ಎಂದಳು ಅವಳು ತಿರುವಿನ ಕಡೆಯೇ ನೋಡುತ್ತಾ. "ಅರ್ಧ ಗಂಟೆಗೆ ಕಡಿಮೆ ಬೇಡ ಅಂತ ಬರೆದಿಲ್ವಾ?"